ರಂಗ ಕಟ್ಟಿದವನು: ಕಾಸ್ಪರ್ ನೇಹರ್

ನಾಟಕ ಅಂದ ಕೂಡಲೆ ಬರೆದವನ ಹೆಸರು ನೆನಪಾಗುತ್ತದೆ, ಆಡಿಸಿದವನ ಹೆಸರು ನೆನಪಾಗುತ್ತದೆ. ಮೊಳೆ ಹೊಡೆದವನು, ಪರದೆ ಕಟ್ಟಿದವನು, ಕುರ್ಚಿ ಎಷ್ಟು ಎತ್ತರ ಇರಬೇಕು ಅಂತ ಅಳೆದವನು ಯಾರ ಲೆಕ್ಕಕ್ಕೂ ಬರೋದಿಲ್ಲ. ಕೈಕೆಲಸವನ್ನು ಕೀಳೆಂದೇ ಎಣಿಸುತ್ತ ಬಂದ ಸಮಾಜದಲ್ಲಿ ಇದು ಆಶ್ಚರ್ಯವೇನಲ್ಲ. ಬ್ರೆಖ್ಟನ ಹೆಸರು ನಮ್ಮ ಸಂಘಟನೆಗಳಲ್ಲಿ ಓಡಾಡುತ್ತದೆ. ಆ ಬ್ರೆಖ್ಟನಿಗೆ ರಂಗ ಕಟ್ಟಿಕೊಟ್ಟ ಕಾಸ್ಪರ್ ನೇಹರ್ ಯಾರೆಂದು ಕೇಳಿದರೆ ಉತ್ತರ ಸಿಗೋದು ಕಷ್ಟ.

ನೇಹರ್ ಹುಟ್ಟಿದ್ದು 1897ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ. ಬ್ರೆಖ್ಟ್ ಅವನ ಶಾಲಾ ಗೆಳೆಯ. ಮೊದಲ ಮಹಾಯುದ್ಧಕ್ಕೆ ಸಿಪಾಯಿಯಾಗಿ ಹೋಗಿ, ಬದುಕಿ ಬಂದು, ಮ್ಯೂನಿಕ್‌ನಲ್ಲಿ ಚಿತ್ರಕಲೆ ಕಲಿತ. ಜರ್ಮನಿಯಲ್ಲಿ ಇಂಥವರನ್ನು ರಂಗಚಿತ್ರಕಾರ ಅನ್ನುವುದು ವಾಡಿಕೆ. ಬ್ರೆಖ್ಟ್ ಮಾತ್ರ ನೇಹರನನ್ನು ರಂಗ ಕಟ್ಟುವವನು ಅಂದ. ಚಿತ್ರ ನೋಡಲಿಕ್ಕೆ, ಕಟ್ಟಿದ್ದು ಬಳಸಲಿಕ್ಕೆ.

ಆಗಿನ ಪದ್ಧತಿ ಹೇಗಿತ್ತು? ಅರಮನೆಯೋ ಕಾಡೋ ಮೊದಲೇ ತಯಾರಾಗುತ್ತಿತ್ತು. ನಟರು ಬಂದು ಅದರ ಮುಂದೆ ನಿಲ್ಲಬೇಕು. ನೇಹರ್ ಇದನ್ನು ತಲೆಕೆಳಗು ಮಾಡಿದ. ಅವನು ಮೊದಲು ಮನುಷ್ಯರ ಚಿತ್ರ ಬಿಡಿಸುತ್ತಿದ್ದ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಯಾರ ಬೆನ್ನು ಯಾರೆದುರು ಬಗ್ಗಿದೆ. ಆ ಚಿತ್ರಗಳನ್ನಿಟ್ಟುಕೊಂಡು ಬ್ರೆಖ್ಟ್ ತಾಲೀಮು ನಡೆಸುತ್ತಿದ್ದ. ಆಮೇಲೆ ಆ ಜನಕ್ಕೆ ಬೇಕಾದ ಬಾಗಿಲು, ಬೆಂಚು, ಒಂದು ತುಂಡು ಗೋಡೆ. ಅಷ್ಟೆ.

ಆದರೆ ಆ ಅಷ್ಟರಲ್ಲಿ ಎಷ್ಟು ಎಚ್ಚರ! ನೇಹರನ ಕುರ್ಚಿಗಳ ಕಾಲು ಎಷ್ಟೋ ಸಲ ಗಿಡ್ಡ. ಮೇಜಿನ ಎತ್ತರವೂ ಲೆಕ್ಕ ಹಾಕಿದ್ದು. ಉಣ್ಣುವವನು ಹೆಚ್ಚು ಬಗ್ಗಬೇಕಾಗುತ್ತದೆ, ಬಗ್ಗಿದವನ ಮಾತಿನ ಧಾಟಿಯೇ ಬೇರೆಯಾಗುತ್ತದೆ ಅಂತ ಬ್ರೆಖ್ಟ್ ಬರೆದಿದ್ದಾನೆ. ಬಾಗಿಲುಗಳ ಎತ್ತರವೂ ಬೇರೆ ಬೇರೆ. ಗುಡಿಸಲಿಗೆ ತಲೆ ತಗ್ಗಿಸಿ ನುಗ್ಗಿ ಬೆಳೆದ ನಮಗೆ, ಧಣಿಯ ಮನೆಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತವರ ಮಕ್ಕಳಾದ ನಮಗೆ, ಇದನ್ನು ಬಿಡಿಸಿ ಹೇಳಬೇಕೆ? ಎತ್ತರ ತಗ್ಗು ಅನ್ನೋದು ಬಡಗಿಯ ಅಳತೆ ಮಾತ್ರ ಅಲ್ಲ, ಅಧಿಕಾರದ ಅಳತೆಯೂ ಹೌದು.

1928ರಲ್ಲಿ ಬರ್ಲಿನ್ನಿನಲ್ಲಿ 'ಮೂರು ಕಾಸಿನ ಸಂಗೀತ ನಾಟಕ' ಬಂತು. ನೇಹರ್ ದೊಡ್ಡ ಮಖಮಲ್ ತೆರೆ ಕಿತ್ತು ತಂತಿಯ ಮೇಲೆ ಅರ್ಧ ಎತ್ತರದ ತೆಳು ಪರದೆ ಕಟ್ಟಿದ. ಹಿಂದೆ ಸಾಮಾನು ಸಾಗಿಸೋದು ಜನಕ್ಕೆ ಕಾಣುತ್ತಿತ್ತು. ಇದು ಮಾಯೆಯಲ್ಲ, ಮನುಷ್ಯರ ದುಡಿಮೆ ಅನ್ನೋದನ್ನು ಬಚ್ಚಿಡುವ ಅಗತ್ಯವೇ ಅವನಿಗೆ ಕಾಣಲಿಲ್ಲ.

1932ರಲ್ಲಿ ಗಾರ್ಕಿಯ ಕಾದಂಬರಿ ಆಧರಿಸಿದ 'ತಾಯಿ'. ಹೆಲೆನ್ ವೈಗೆಲ್ ತಾಯಿ ಪಾತ್ರ ಮಾಡಿದಳು. ನೇಹರ್ ಕಟ್ಟಿದ್ದು ಕಬ್ಬಿಣದ ಕೊಳವೆಗಳು, ಅವಕ್ಕೆ ತೂಗುಹಾಕಿದ ಬಟ್ಟೆ, ಹಿಂದೆ ಬೆಳಕಿನಲ್ಲಿ ಮೂಡುವ ಬರಹ ಮತ್ತು ಚಿತ್ರ. ಬಿಚ್ಚಿ ಹೊತ್ತುಕೊಂಡು ಹೋಗಬಹುದು. ಇದೇ ನಾಟಕ ಬರ್ಲಿನ್ನಿನ ಕಾರ್ಮಿಕರ ಬಡಾವಣೆ ಮೊವಾಬಿಟ್‌ಗೆ ಹೋದಾಗ ಪೊಲೀಸರು ಬಂದರು. ಬೆಂಕಿಯ ಅಪಾಯದ ನೆಪ ಹೇಳಿ ರಂಗಸಜ್ಜಿಕೆ ಕೂಡದು ಅಂದರು. ಆಮೇಲೆ ವೇಷ ಕೂಡದು, ಅಭಿನಯ ಕೂಡದು. ನಟರು ಸುಮ್ಮನೆ ಕೂತು ನಾಟಕವನ್ನು ಓದಿದರು. ಆಳುವವರಿಗೆ ನಾಲ್ಕು ಕೊಳವೆ, ನಾಲ್ಕು ಗಜ ಬಟ್ಟೆ ಕಂಡರೂ ಭಯ. ಅದರ ಬೆಲೆ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

1933ರಲ್ಲಿ ಹಿಟ್ಲರ್ ಬಂದ. ಬ್ರೆಖ್ಟ್ ದೇಶ ಬಿಟ್ಟ. ನೇಹರ್ ಬಿಡಲಿಲ್ಲ. ಅಲ್ಲೇ ಉಳಿದು ದೊಡ್ಡ ನಾಟಕಶಾಲೆಗಳಿಗೆ, ಒಪೆರಾಗಳಿಗೆ ರಂಗ ಕಟ್ಟಿದ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ನಮ್ಮಿಂದಾಗದು. ಕಸುಬು ಎಷ್ಟೇ ನಯವಾಗಿರಲಿ, ಅದು ಯಾರ ಮನೆಯ ಜಗಲಿ ಕಟ್ಟುತ್ತದೆ ಅನ್ನೋ ಪ್ರಶ್ನೆ ಇದ್ದೇ ಇರುತ್ತದೆ.

ಯುದ್ಧ ಮುಗಿದ ಮೇಲೆ ಗೆಳೆಯರು ಸ್ವಿಟ್ಜರ್ಲೆಂಡಿನಲ್ಲಿ ಮತ್ತೆ ಕೂಡಿದರು. 1948ರಲ್ಲಿ ಖೂರ್ ಪಟ್ಟಣದಲ್ಲಿ 'ಆಂಟಿಗೊನೆ' ಆಡಿಸಿದರು. ರಾಜಾಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಹಾಕಿದ ಹೆಣ್ಣಿನ ಕತೆ. ನೇಹರ್ ನೆಟ್ಟ ಕಂಬಗಳ ತುದಿಯಲ್ಲಿ ಕುದುರೆಯ ತಲೆಬುರುಡೆಗಳಿದ್ದವು. ನಟರು ಎಲ್ಲರಿಗೂ ಕಾಣುವಂತೆ ಬೆಂಚಿನ ಮೇಲೆ ಕೂತು ತಮ್ಮ ಸರದಿಗೆ ಕಾಯುತ್ತಿದ್ದರು. ಬ್ರೆಖ್ಟ್ 1956ರಲ್ಲಿ ತೀರಿಕೊಂಡ, ನೇಹರ್ 1962ರಲ್ಲಿ ವಿಯೆನ್ನಾದಲ್ಲಿ.

ನೇಹರನಿಂದ ನಮಗೇನು? 1977ರ ಬೆಲ್ಚಿ ಹತ್ಯಾಕಾಂಡ ಕುರಿತು ಸಮುದಾಯದವರು ಬೀದಿಯಲ್ಲಿ ನಾಟಕ ಆಡಿದಾಗ ಸೀನು ಪರದೆ ಬೇಕಾಗಲಿಲ್ಲ. ಆದರೆ ಏನೂ ಬೇಡ ಅನ್ನೋದು ಬೇರೆ, ಏನಾದರೊಂದಿದ್ದರೆ ಸಾಕು ಅನ್ನೋದು ಬೇರೆ. ಊರಲ್ಲಿ, ಶಾಲೆಯಲ್ಲಿ ನಾಟಕ ಮಾಡಿಸುವಾಗ ಗೌಡನ ಕುರ್ಚಿಯನ್ನು ಎಲ್ಲಿಂದಾದರೂ ಹುಡುಕಿ ತರುತ್ತೇವೆ. ಜೀತಗಾರನ ಕೈಗೆ ಮಾತ್ರ ನಿನ್ನೆ ಅಂಗಡಿಯಲ್ಲಿ ಕೊಂಡ ಹೊಸ ಗುದ್ದಲಿ! ಹಿಡಿ ಸವೆದ ಗುದ್ದಲಿ, ತೇಪೆ ಹಾಕಿದ ಕಂಬಳಿ, ಉಳಿ ತಾಗಿ ಗೀರು ಬಿದ್ದ ಹಲಗೆ ನಮ್ಮ ಮನೆಗಳಲ್ಲೇ ಇವೆ. ಅವುಗಳಲ್ಲಿ ಬರಹಕ್ಕೆ ಸಿಗದ ನಮ್ಮ ಚರಿತ್ರೆ ಇದೆ. ಅವನ್ನು ಹಟ್ಟಿಯಿಂದ ಎತ್ತಿಕೊಂಡು ಬಂದು ರಂಗದ ನಡುವೆ ಇಡೋಣ.