ಬಟಾಟಿಯ ತಳಿ ಹೆಸರು ಮರೆತರ ಏನಾಗ್ತದ?

ನಮ್ಮ ಕರಜಗಿ ಕಡೆ ಹೊಲದಾಗ ತೊಗರಿ, ಜೋಳ, ಕಬ್ಬು ಕಾಣ್ತದ, ಬಟಾಟಿ ಹಚ್ಚೋರು ಕಡಿಮಿ. ಆದ್ರ ಅಡಗಿಮನಿಯಾಗ ಅದು ಬೇಕೇ ಬೇಕು. ಏಕಾದಶಿ, ಶಿವರಾತ್ರಿಗೆ ಸಾಬುದಾಣಿ ಖಿಚಡಿಯೊಳಗ ಅದೇ, ಸಂತಿ ದಿನ ಬಜಿಯೊಳಗೂ ಅದೇ. ಇಷ್ಟು ತಿಂದ್ರೂ "ಇದು ಯಾವ ತಳಿ?" ಅಂತ ನಾವು ಕೇಳೋದು ಅಪರೂಪ. ಈ ಪ್ರಶ್ನಿ ಯಾಕ ಕೇಳಬೇಕು ಅನ್ನೋದಕ್ಕ ಒಂದು ದೊಡ್ಡ ಇತಿಹಾಸ ಅದ.

ಮೊದಲು ಹೆಸರು ನೋಡ್ರಿ. 'ಬಟಾಟಿ' ಪೋರ್ಚುಗೀಸರ ಮಾತಿನಿಂದ ಬಂದದ್ದು, ಮರಾಠಿಯ ಬಟಾಟಾ ನಮ್ಮಲ್ಲಿ ಬಟಾಟಿ ಆಯ್ತು. ಮೂಲದಾಗ ಅದು ಕೆರಿಬಿಯನ್ ದ್ವೀಪದ ಜನ ಗೆಣಸಿಗೆ ಕರೀತಿದ್ದ ಹೆಸರು! 'ಆಲೂ' ಬಂದದ್ದು ಬ್ಯಾರೆ ದಾರಿಯಿಂದ, ಹಿಂದಿ-ಉರ್ದು ಕಡೆಯಿಂದ. ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ 1948ರ ತನಕ ನಿಜಾಮರ ಹೈದರಾಬಾದ್ ಆಡಳಿತ. ಹಿಂಗಾಗಿ ನಮ್ಮ ಬಾಯಾಗ ಎರಡೂ ಹೆಸರು ಉಳಿದಾವು.

ಈ ಗಡ್ಡಿಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ, ಪೆರು-ಬೊಲಿವಿಯಾ ಸೀಮೆ. ಅಲ್ಲಿ ಇವತ್ತಿಗೂ 4000ಕ್ಕೂ ಹೆಚ್ಚು ನಾಟಿ ತಳಿ ಅದಾವ. ಕುದಿಸಾಕ ಒಂದು, ಸಾರಿಗೆ ಒಂದು. ಕಹಿ ಜಾತಿ ಗಡ್ಡಿಯನ್ನ ರಾತ್ರಿ ಹಿಮಕ್ಕ ಇಟ್ಟು, ಹಗಲು ತುಳಿದು ನೀರು ತೆಗೆದು, ಒಣಗಿಸಿ 'ಚುನ್ಯೊ' ಮಾಡ್ತಾರ, ಅದು ವರ್ಷಗಟ್ಟಲೆ ಕೆಡಂಗಿಲ್ಲ. ಒಂದು ತಳಿಗೆ ರೋಗ ಬಂದ್ರ ಇನ್ನೊಂದು ಮನಿ ಕಾಯ್ತದ.

ಐರ್ಲೆಂಡಿನಾಗ ಇದು ಉಲ್ಟಾ ಆಯ್ತು. ಬಡವರ ಸಣ್ಣ ತುಂಡು ಹೊಲದಾಗ 'ಲಂಪರ್' ಅನ್ನೋ ಒಂದೇ ತಳಿ ಹಬ್ಬಿತ್ತು, ಯಾಕಂದ್ರ ಕೆಟ್ಟ ಭೂಮಿಯಾಗೂ ಇಳುವರಿ ಕೊಡ್ತಿತ್ತು. ಬಟಾಟಿ ಬೀಜ ಅಂದ್ರ ಗಡ್ಡಿಯ ತುಂಡು, ಅದಕ್ಕ ಒಂದೇ ತಳಿ ಹಚ್ಚಿದ್ರ ಹೊಲದಾಗಿನ ಎಲ್ಲಾ ಗಿಡದ ರಕ್ತ ಒಂದೇ. 1845ರಲ್ಲಿ ಅಂಗಮಾರಿ ರೋಗ ಬಂತು, ಮುಂದಿನ ವರ್ಷನೂ ಬಿಡಲಿಲ್ಲ. ಸುಮಾರು 10 ಲಕ್ಷ ಜನ ಸತ್ರು, ಅಷ್ಟೇ ಜನ, ಅದಕ್ಕೂ ಹೆಚ್ಚು, ಊರು ಬಿಟ್ರು. ರೋಗದ ಜೋಡಿ ಜಮೀನ್ದಾರರ ಬಾಡಿಗಿ, ಬ್ರಿಟಿಷ್ ಸರ್ಕಾರದ ನಿರ್ಲಕ್ಷ್ಯವೂ ಇತ್ತು ಅನ್ನೋದು ಮರೀಬಾರದು.

ನಮ್ಮ ದೇಶದಾಗ 1949ರಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಪಟ್ನಾದಾಗ ಶುರುವಾಗಿ, 1956ರಲ್ಲಿ ಶಿಮ್ಲಾಕ್ಕ ಹೋಯ್ತು. ಶಿಮ್ಲಾ ಹತ್ತಿರದ ಕುಫ್ರಿ ಊರಿನ ಹೆಸರೇ ಅವರ ತಳಿಗಳ ಮನಿತನದ ಹೆಸರಾಯ್ತು. 1968ರಲ್ಲಿ 'ಕುಫ್ರಿ ಜ್ಯೋತಿ', 'ಕುಫ್ರಿ ಚಂದ್ರಮುಖಿ' ಬಂದವು. ಆಮ್ಯಾಲ ನಮ್ಮಂಥ ದಖನ್ ಬಯಲಿಗೆ, ಬಿಸಿಲು ತಡೆದು ಬೇಗ ಬರೋ 'ಕುಫ್ರಿ ಲವಕರ' ಬಂತು. ಮರಾಠಿ ಬಲ್ಲವರಿಗೆ ಹೇಳೋದು ಬ್ಯಾಡ, ಲವಕರ ಅಂದ್ರ ಜಲ್ದಿ!

ಹಾಸನದ ಕಡೆ ಮುಂಗಾರಿನಾಗ ಜ್ಯೋತಿ ಹಬ್ಬಿತು. ಬಿಡುಗಡೆ ಆದಾಗ ಅಂಗಮಾರಿ ತಡೀತಿತ್ತು, ಬರಬರುತ್ತಾ ಆ ಶಕ್ತಿ ಕುಂದಿತು. ಬಿತ್ತನೆ ಗಡ್ಡಿ ಮಾತ್ರ ಪಂಜಾಬಿನ ಜಲಂಧರ್‌ದಿಂದ ಲಾರಿಯಾಗ ಬರಬೇಕು, ಯಾಕಂದ್ರ ಅಲ್ಲಿ ಚಳಿಗಾಲದಾಗ ವೈರಸ್ ಹರಡೋ ಹೇನು ಕಡಿಮಿ, ಬೀಜ ಶುದ್ಧ ಇರ್ತದ. ಬೀಜ ದೂರದ್ದು, ತಳಿ ಒಂದೇ, ಮಳಿಗಾಲದ ತೇವ ಬ್ಯಾರೆ. ಎಷ್ಟೋ ರೈತರು ಸೋತು ಮೆಕ್ಕೆಜೋಳಕ್ಕ ಹೋದ್ರು.

ಇನ್ನ ಅಡಗಿ ವಿಷಯ, ಹೆಣ್ಮಕ್ಕಳಿಗೆ ಇದು ಬಾಳ ಉಪಯೋಗ. ಹಿಟ್ಟಿನಂಶ ಜಾಸ್ತಿ ಇದ್ದ ಗಡ್ಡಿ ಕುದಿಸಿದ್ರ ಪುಡಿ ಪುಡಿ ಒಡೀತದ: ದ್ವಾಸಿ ಪಲ್ಯ, ಬಟಾಟಿ ವಡಾ, ಪರೋಟಾಕ್ಕ ಅದು ಚಲೋ. ನೀರಿನಂಶ ಜಾಸ್ತಿ ಇದ್ದದ್ದು ಹೋಳು ಗಟ್ಟಿ ಹಿಡೀತದ: ಸಾರು, ರಸದ ಪಲ್ಯಕ್ಕ ಅದು ಬೇಕು. ಪರೀಕ್ಷೆ ಸರಳ: ಒಂದು ಬಟ್ಟಲ ಉಪ್ಪಿಗೆ ಹನ್ನೊಂದು ಬಟ್ಟಲ ನೀರು ಕಲಸಿ ಗಡ್ಡಿ ಬಿಡ್ರಿ. ಹಿಟ್ಟಿನ ಗಡ್ಡಿ ಮುಳುಗ್ತದ, ನೀರಿನದು ತೇಲ್ತದ. ಬಾಳ ತಂಪಿನ ಕೋಲ್ಡ್ ಸ್ಟೋರೇಜ್‌ನಾಗ ಇಟ್ಟದ್ದು ಸಿಹಿ ಆಗ್ತದ, ಚಿಪ್ಸ್ ಕರಿದ್ರ ಕಪ್ಪಾಗ್ತದ. ಅದಕ್ಕೇ 1998ರಲ್ಲಿ 'ಕುಫ್ರಿ ಚಿಪ್ಸೋನಾ' ಅಂತ ಕರಿಯಾಕಂತನೇ ತಳಿ ತಂದ್ರು.

ಇದೆಲ್ಲಾ ನಮಗ್ಯಾಕ ಅಂತೀರಿ? ನಮ್ಮ ತೊಗರಿ ನೆನಪು ಮಾಡ್ಕೊಳ್ರಿ. 1986ರಲ್ಲಿ 'ಮಾರುತಿ' ತಳಿ ಬಂದು ನೆಟೆ ರೋಗದಿಂದ ನಮ್ಮ ಜಿಲ್ಲೆ ಕಾಯ್ತು, ಊರೂರಿಗೆ ಹಬ್ಬಿತು. ಆದ್ರ ಗೊಡ್ಡು ರೋಗಕ್ಕ ಅದರ ಹತ್ರ ಉತ್ತರ ಇರಲಿಲ್ಲ. ಆಮ್ಯಾಲ ಬ್ಯಾರೆ ತಳಿ ಬಂದ್ರೂ 2022ರಾಗ ನೆಟೆ ರೋಗ ಮತ್ತ ತೊಗರಿ ಒಣಗಿಸಿದ್ದು ಎಲ್ಲರೂ ಕಂಡೀವಿ. ಯಾವ ತಳಿಯೂ ಕಡೀತನ ಕಾಯಂಗಿಲ್ಲ, ಎಷ್ಟೇ ಚಲೋ ಇದ್ರೂ. ಐರ್ಲೆಂಡ್ ಹೇಳೋದೂ ಅದೇ, ಹಾಸನ ಹೇಳೋದೂ ಅದೇ.

ಹಂಗಾಗಿ ನನ್ನ ಸಲಹೆ ಇಷ್ಟೇ: ಬೀಜ ತರುವಾಗ ತಳಿ ಹೆಸರು ಕೇಳ್ರಿ, ಚೀಟಿ ಇಟ್ಕೊಳ್ರಿ, ಎಲ್ಲಾ ಎಕರೆಗೂ ಒಂದೇ ತಳಿ ಹಾಕಬ್ಯಾಡ್ರಿ. ನಿಮ್ಮ ಮನಿ ಹಿರಿಯರು ಬಿತ್ತುತ್ತಿದ್ದ ತೊಗರಿ, ಜೋಳದ ಹಳೆ ಹೆಸರು, ಅದರ ರೊಟ್ಟಿ-ಬ್ಯಾಳಿ ರುಚಿ ಯಾರಿಗಾದ್ರೂ ನೆನಪಿದ್ರ ಕೆಳಗ ಬರೀರಿ. ಒಂದು ಕಡೆ ಕೂಡಿಸಿ ಇಡೋಣ.