ಕಣ್ಣೀರಿನ ಲೆಕ್ಕ: ಗಡಿಸೀಮೆಯಲ್ಲಿ ದಲಿತ ಆತ್ಮಕಥೆಗಳ ಓದು

ದಲಿತ ಆತ್ಮಕಥೆಗಳ ಬಗ್ಗೆ ಮಾತಾಡುವಾಗ ನಮ್ಮ ವಿಮರ್ಶಕರು ತಪ್ಪದೆ ಆಡುವ ಮಾತೊಂದಿದೆ. ‘ಓದಿ ಮುಗಿಸಿದಾಗ ಕರುಳು ಕಿವುಚಿದಂತಾಯಿತು, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.’ ಮುನ್ನುಡಿಗಳಲ್ಲಿ, ಬೆನ್ನುಡಿಗಳಲ್ಲಿ, ವಿಚಾರ ಸಂಕಿರಣಗಳಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ಈ ಮಾತು ಸುಳ್ಳೆಂದು ನಾನು ವಾದಿಸುವುದಿಲ್ಲ. ಕರುಳು ಯಾರದು, ನಿದ್ದೆಗೆಟ್ಟವರು ಯಾರು, ಬೆಳಗಾದ ಮೇಲೆ ಅವರು ಏನು ಮಾಡಿದರು ಎಂಬ ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಓದುಗನನ್ನು ನೆಲಕ್ಕೆ ಕೆಡವುವ ಪುಸ್ತಕಗಳಿಗೂ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಶಿರಗುಪ್ಪಿಯ ಕೇರಿಯಲ್ಲಿ ನಿಂತು ನೋಡಿದರೆ ಹೇಗೆ ಕಾಣುತ್ತದೆ ಎಂಬುದಷ್ಟೇ ಈ ಲೇಖನದ ಮಿತಿ.

ಒಂದು

ಮೊದಲು ಅಥಣಿ ತಾಲೂಕಿನಲ್ಲಿದ್ದು ಈಗ ಕಾಗವಾಡ ತಾಲೂಕಿಗೆ ಸೇರಿರುವ ಶಿರಗುಪ್ಪಿ ಎರಡು ಭಾಷೆಗಳ ಊರು. ದವಾಖಾನೆಗೆ ಮಿರಜ, ಪೇಟೆಗೆ ಸಾಂಗ್ಲಿ, ಸರಕಾರಿ ಕೆಲಸಕ್ಕೆ ಬೆಳಗಾವಿ. ಮನೆಯಲ್ಲಿ ಕನ್ನಡ ಆಡುವವರೂ ಮರಾಠಿ ಪುಸ್ತಕ ಓದುತ್ತಾರೆ. ಹೀಗಾಗಿ ಈ ಸೀಮೆಯ ದಲಿತರಿಗೆ ಅಂಬೇಡ್ಕರ್ ಬೆಂಗಳೂರಿನ ದಾರಿಯಿಂದ ಬರಲಿಲ್ಲ, ಕೊಲ್ಲಾಪುರದ ದಾರಿಯಿಂದ ಬಂದರು. ‘ಮೂಕನಾಯಕ’ ಪತ್ರಿಕೆ ಶುರುವಾದದ್ದು 1920ರ ಜನವರಿ 31ರಂದು. ಅದೇ ವರ್ಷದ ಮಾರ್ಚ್‌ನಲ್ಲಿ ಕೊಲ್ಲಾಪುರ ಸಂಸ್ಥಾನದ ಮಾಣಗಾಂವದಲ್ಲಿ ನಡೆದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ಆ ತರುಣ ನಾಯಕನನ್ನು ಜನರ ಮುಂದೆ ನಿಲ್ಲಿಸಿದರು. ಐದು ವರ್ಷದ ನಂತರ, 1925ರ ಏಪ್ರಿಲ್‌ನಲ್ಲಿ, ಬಹಿಷ್ಕೃತರ ಪ್ರಾಂತೀಯ ಪರಿಷತ್ತು ನಿಪ್ಪಾಣಿಯಲ್ಲೇ ಕೂಡಿತು. ಅಧ್ಯಕ್ಷರು ಅಂಬೇಡ್ಕರರೇ. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ ಮಹಾರ ವತನದ ಮಸೂದೆ ಮಂಡಿಸಿದಾಗ ಬೆಳಗಾವಿ ಜಿಲ್ಲೆಯೂ ಆ ಪ್ರಾಂತದೊಳಗೇ ಇತ್ತು. ಅಂದರೆ ಅದು ನಮ್ಮ ಹೊಲದ, ನಮ್ಮ ಬಿಟ್ಟಿ ಚಾಕರಿಯ ಪ್ರಶ್ನೆಯೂ ಆಗಿತ್ತು. 1929ರಲ್ಲಿ ಧಾರವಾಡದಲ್ಲಿ ಅವರು ತೆರೆದ ವಸತಿಗೃಹವನ್ನು ನೋಡಿಕೊಂಡವರು ಬಿ.ಎಚ್. ವರಾಳೆ. ಅಂಬೇಡ್ಕರರ ಒಡನಾಟವನ್ನು ವರಾಳೆಯವರು ಬರೆದದ್ದೂ ಮರಾಠಿಯಲ್ಲಿ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆಯಾಯಿತು. ಹದಿನೆಂಟು ದಿನಗಳ ನಂತರ, ನವೆಂಬರ್ 1ರಂದು, ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಚಳವಳಿ ಒಂದು ರಾಜ್ಯದಲ್ಲಿ, ಸರಕಾರ ಇನ್ನೊಂದರಲ್ಲಿ. ಗಡಿಯ ಬಗ್ಗೆ ಎರಡೂ ಕಡೆಯವರು ಸಾಕಷ್ಟು ಬರೆದಿದ್ದಾರೆ. ಕೇರಿಗಳು ಹೀಗೆ ಎರಡಾಗಿ ಸೀಳಿದ್ದರ ಬಗ್ಗೆ ಬರೆದವರು ಕಡಿಮೆ.

ಆದರೆ ಪುಸ್ತಕಗಳು ಗಡಿ ನೋಡಲಿಲ್ಲ. 1972ರಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. 1978ರಲ್ಲಿ ದಯಾ ಪವಾರರ ‘ಬಲುತಂ’ ಬಂತು. 1980ರಲ್ಲಿ ಲಕ್ಷ್ಮಣ ಮಾನೆಯವರ ‘ಉಪರಾ’, 1984ರಲ್ಲಿ ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’, 1986ರಲ್ಲಿ ಬೇಬಿ ಕಾಂಬಳೆಯವರ ‘ಜಿಣಂ ಆಮುಚಂ’, 1987ರಲ್ಲಿ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’. ಹತ್ತು ವರ್ಷದೊಳಗೆ ಒಂದರ ಹಿಂದೊಂದು ಬಂದ ಈ ಪುಸ್ತಕಗಳು ಮರಾಠಿ ಓದುಗರ ನೆಮ್ಮದಿಯನ್ನು ಕೆಡಿಸಿದವು. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬರುವುದಕ್ಕೆ 1994ರ ತನಕ ಕಾಯಬೇಕಾಯಿತು. ನಮ್ಮ ಸೀಮೆಯ ಓದುಗರು ಮಾತ್ರ ಅಷ್ಟರೊಳಗೆ ಈ ಪೆಟ್ಟುಗಳನ್ನೆಲ್ಲ ಮರಾಠಿಯಲ್ಲೇ ತಿಂದಿದ್ದರು.

ಎರಡು

ಇವೆಲ್ಲಕ್ಕೂ ಹಿಂದಿನದೊಂದು ಬರಹವಿದೆ. 1930ರ ದಶಕದ ನಡುವೆ ಅಂಬೇಡ್ಕರರು ಇಂಗ್ಲಿಷಿನಲ್ಲಿ ಬರೆದು ಇಟ್ಟಿದ್ದ ‘ವೇಟಿಂಗ್ ಫಾರ್ ಎ ವೀಸಾ’ ಪುಸ್ತಕವಾಗಿ ಬಂದದ್ದು 1990ರಲ್ಲಿ. ಅದರ ಮೊದಲ ಪ್ರಸಂಗ 1901ರದು. ಸಾತಾರೆಯಿಂದ ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಒಳ್ಳೆ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ಮರುಗಿದ ಸ್ಟೇಷನ್ ಮಾಸ್ತರ ಜಾತಿ ಕೇಳಿ ಹಿಂದೆ ಸರಿಯುತ್ತಾನೆ. ಇಮ್ಮಡಿ ಬಾಡಿಗೆಗೆ ಗಾಡಿ ಸಿಗುತ್ತದೆ. ಆದರೆ ಗಾಡಿ ಹೊಡೆಯಬೇಕಾದವರು ಮಕ್ಕಳೇ, ಗಾಡಿಯವ ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಲ್ಲಿ ಊಟವಿದೆ, ಕುಡಿಯಲು ನೀರಿಲ್ಲ. ಹಸಿದೇ ಮಲಗುತ್ತಾರೆ.

ಮಸೂರು ಇರುವುದು ಪುಣೆಯಿಂದ ಮಿರಜಕ್ಕೆ ಬರುವ ರೈಲು ಮಾರ್ಗದಲ್ಲಿ. ಆ ಹಳಿ ಮಿರಜ ದಾಟಿ ನಮ್ಮ ಶೇಡಬಾಳ, ಉಗಾರಗಳಿಗೆ ಬರುತ್ತದೆ. ಆ ಹುಡುಗನಿಗೆ ನೀರು ಕೊಡದ ಲೋಕ ನಮಗೆ ಪರದೇಶವಲ್ಲ.

ಇಲ್ಲಿ ಗಮನಿಸಬೇಕಾದದ್ದು ಬರವಣಿಗೆಯ ರೀತಿ. ಅಂಬೇಡ್ಕರರು ಎಲ್ಲೂ ಅಳುವುದಿಲ್ಲ. ವಕೀಲನೊಬ್ಬ ಕೋರ್ಟಿಗೆ ಜಬಾನಿ ಬರೆಸಿದ ಹಾಗೆ ಬರೆಯುತ್ತಾರೆ: ಎಷ್ಟು ಹೊತ್ತಿಗೆ ಇಳಿದೆವು, ಏನು ಕೇಳಿದರು, ಎಷ್ಟು ಕೊಟ್ಟೆವು. ಅಸ್ಪೃಶ್ಯತೆ ಎಂದರೇನೆಂದು ತಿಳಿಯದ ಪರದೇಶದವರಿಗೆ ತಿಳಿಸುವುದು ಅವರ ಉದ್ದೇಶ. ಮರುಕ ಬೇಡುವುದು ಅಲ್ಲಿಲ್ಲ, ಸಾಕ್ಷಿ ನುಡಿಯುವುದಿದೆ. ಮುಂದೆ ಬಂದ ದಲಿತ ಆತ್ಮಕಥೆಗಳನ್ನು ಓದುವ ಕೀಲಿಕೈ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಸಾಕ್ಷಿಯ ಮಾತು ಕೇಳಿದವನು ಅತ್ತರೆ ಸಾಲದು, ತೀರ್ಪು ಹೇಳಬೇಕಾಗುತ್ತದೆ.

ಮೂರು

ಆದರೆ ನಮ್ಮ ಶಿಷ್ಟ ವಿಮರ್ಶೆ ಈ ಸಾಕ್ಷಿಯನ್ನು ಕರುಣರಸವೆಂದು ಓದಿಕೊಂಡಿತು. ಕರುಣರಸದ ಚರಿತ್ರೆಯನ್ನೇ ಸ್ವಲ್ಪ ತಡಕೋಣ. ಕರುಣವೇ ಎಲ್ಲ ರಸಗಳ ಮೂಲವೆಂದು ಸಾರಿದ ನಾಟಕ ಭವಭೂತಿಯ ‘ಉತ್ತರರಾಮಚರಿತ’. ಸಹೃದಯರು ಸಾವಿರ ವರ್ಷಕ್ಕೂ ಮೇಲ್ಪಟ್ಟು ಅದನ್ನು ಓದಿ ಕರಗಿದ್ದಾರೆ. ಅದೇ ನಾಟಕದ ಎರಡನೆಯ ಅಂಕದಲ್ಲಿ ಶಂಬೂಕನ ವಧೆ ಇದೆ. ರಾಮ ತನ್ನ ಕೈಯನ್ನೇ ಕರೆದು, ಸೀತೆಯನ್ನು ಕಾಡಿಗಟ್ಟಿದ ಕೈಗೆ ಕನಿಕರವೆಲ್ಲಿಯದೆಂದು ಕೇಳಿ ಕತ್ತಿ ಬೀಸುತ್ತಾನೆ. ಪ್ರೇಕ್ಷಕನ ಕಣ್ಣೀರು ಹರಿಯುವುದು ಕೊಂದವನ ನೋವಿಗೆ. ಸತ್ತವನು ದಿವ್ಯರೂಪ ಪಡೆದು, ಕೊಂದವನನ್ನು ಹೊಗಳುತ್ತಾನೆ. ಕರುಣರಸದ ತುದಿಯೆನಿಸಿದ ಕೃತಿಯಲ್ಲಿ ಶೂದ್ರ ತಪಸ್ವಿಗೆ ಒಂದು ಹನಿ ಕಣ್ಣೀರೂ ಸಿಗಲಿಲ್ಲ. 1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ ಬರೆದು ಬಾಣದ ದಿಕ್ಕನ್ನೇ ತಿರುಗಿಸಿದರು. ಮಾಸ್ತಿಯವರಂಥ ಹಿರಿಯರಿಗೆ ಅದು ಒಪ್ಪಿಗೆಯಾಗಲಿಲ್ಲ. ಕಣ್ಣೀರಿಗೂ ವರ್ಣಾಶ್ರಮವಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಹೊಸಗನ್ನಡದಲ್ಲಿ ದಲಿತನಿಗಾಗಿ ಅಳಲು ಓದುಗರಿಗೆ ಕಲಿಸಿದ ಕೃತಿ ಶಿವರಾಮ ಕಾರಂತರ ‘ಚೋಮನ ದುಡಿ’ (1933). ಅದರ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ತುಂಡು ನೆಲ ಉಳಬೇಕೆಂಬ ಚೋಮನ ಆಸೆ ಇಂದಿಗೂ ಈಡೇರದ ಆಸೆಯೇ. ಆದರೆ ಚೋಮ ಕೊನೆಗೆ ಸಾಯುತ್ತಾನೆ. ದುಡಿ ನಿಲ್ಲುತ್ತದೆ, ಓದುಗ ಕಣ್ಣೊರೆಸಿಕೊಳ್ಳುತ್ತಾನೆ. ಸತ್ತವನ ಋಣ ಕಣ್ಣೀರಿನಲ್ಲಿ ಹರಿದುಹೋಗುತ್ತದೆ.

ಆತ್ಮಕಥೆಯಲ್ಲಿ ಈ ಸೌಕರ್ಯವಿಲ್ಲ. ಕಥೆ ಹೇಳಿದವನು ಬದುಕಿದ್ದಾನೆ. ನಿಮ್ಮ ಆಫೀಸಿನಲ್ಲೇ ಕೂತಿದ್ದಾನೆ, ನಿಮ್ಮ ಓಣಿಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬರುತ್ತಾನೆ. ಪುಸ್ತಕ ಮುಚ್ಚಿದರೂ ಅವನು ಮುಗಿಯುವುದಿಲ್ಲ. ಸವರ್ಣ ಓದುಗನನ್ನು ಕಂಗೆಡಿಸುವುದು ಪುಸ್ತಕದ ದುಃಖಕ್ಕಿಂತ ಹೆಚ್ಚಾಗಿ ಈ ಬದುಕಿರುವಿಕೆ.

ನಾಲ್ಕು

‘ಅಕ್ಕರಮಾಶಿ’ಯನ್ನೇ ತೆಗೆದುಕೊಳ್ಳಿ. ಲಿಂಬಾಳೆ ಹುಟ್ಟಿದ್ದು 1956ರಲ್ಲಿ, ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಹನ್ನೂರಿನಲ್ಲಿ. ಅದೂ ಕನ್ನಡ ಮರಾಠಿ ಕಲೆತ ಸೀಮೆ. ತಾಯಿ ಮಹಾರ ಜಾತಿಯವಳು, ತಂದೆ ಲಿಂಗಾಯತ ಪಾಟೀಲ. ಹನ್ನೆರಡು ಮಾಶಿ ತೂಗಿದರೆ ಒಂದು ತೊಲೆ. ಹನ್ನೊಂದೇ ತೂಗಿದವನು ಅಕ್ಕರಮಾಶಿ, ಅಂದರೆ ಕಡಿಮೆ ಹುಟ್ಟಿನವನು. ಶಾಲೆಯ ದಾಖಲೆ ತಂದೆಯ ಹೆಸರು ಕೇಳುತ್ತದೆ. ಆ ಹೆಸರು ಹೇಳುವ ಹಕ್ಕು ಮಗನಿಗಿದೆಯೇ ಎಂಬುದೇ ಪುಸ್ತಕದ ಪ್ರಶ್ನೆ. ಕನ್ನಡದಲ್ಲಿ ಅದಕ್ಕೆ ‘ಅಕ್ರಮ ಸಂತಾನ’ ಎಂದು ಹೆಸರಾಯಿತು. ನನಗೆ ಆ ಹೆಸರಿನ ಮೇಲೆ ತಕರಾರಿದೆ. ‘ಅಕ್ರಮ’ ಎಂಬುದು ಕಾಯ್ದೆಯ ಮಾತು. ‘ಅಕ್ಕರಮಾಶಿ’ ಎಂಬುದು ಅಕ್ಕಸಾಲಿಗನ ತಕ್ಕಡಿಯ ಮಾತು. ಹುಟ್ಟಿದ ಮಗುವನ್ನು ತಕ್ಕಡಿಗಿಟ್ಟು ತೂಗುವ ಊರಿನ ಕ್ರೌರ್ಯ ಆ ಒಂದು ಶಬ್ದದಲ್ಲಿತ್ತು.

ಆ ಪುಸ್ತಕದಲ್ಲಿ ಅಜ್ಜಿ ಸಂತಾಮಾಯಿ ದನದ ಸಗಣಿಯಲ್ಲಿ ಉಳಿದ ಜೋಳದ ಕಾಳನ್ನು ಆರಿಸಿ, ತೊಳೆದು, ಬೀಸಿ, ರೊಟ್ಟಿ ಬಡಿದು ತಾನು ತಿನ್ನುವ ಭಾಗವಿದೆ. ವಿದ್ಯಾವಂತರ ಸಭೆಗಳಲ್ಲಿ ಇದನ್ನು ಹೇಳಿದಾಗಲೆಲ್ಲ ಜನ ತಲೆ ತಗ್ಗಿಸುವುದನ್ನು ಕಂಡಿದ್ದೇನೆ. ಒಮ್ಮೆ ಏಪ್ರಿಲ್ 14ರ ರಾತ್ರಿ ಶಿರಗುಪ್ಪಿಯ ಕೇರಿಯಲ್ಲಿ ಇದೇ ಭಾಗವನ್ನು ನಮ್ಮ ಆಡುಮಾತಿನಲ್ಲಿ ಓದಿ ಹೇಳಿದೆ. ಹೆಣ್ಣುಮಕ್ಕಳು ಯಾರೂ ಅಳಲಿಲ್ಲ. ಕಬ್ಬು ಕಡಿಯುವ ಮುದುಕಿಯೊಬ್ಬಳು ಅಂದಳು: “ಅಂಥಾಕಿ ನಮ್ಮ ಓಣ್ಯಾಗೂ ಇದ್ಲು ಬಿಡೋ ಯಪ್ಪಾ. ಅದ್ರಾಗ ಅಳೂದೇನೈತಿ? ಆ ರೊಟ್ಟಿ ತಾ ತಿಂದು ಮೊಮ್ಮಗನ್ನ ಸಾಲಿಗೆ ಹಚ್ಚಿದ್ರಲ್ಲ, ಅದನ್ನ ಮುಂದ ಓದು.” ಮತ್ತೊಬ್ಬಳು ಕೇಳಿದಳು: “ಆ ಗೌಡ ಮುಂದ ಏನಾದಾ? ಅವಗ ಯಾರೂ ಕೇಳಲಿಲ್ಲೇನು?”

ಇವೆರಡೂ ವಿಮರ್ಶೆಯ ಮಾತುಗಳು. ಮೊದಲನೆಯದು ಹಸಿವಿನೊಳಗಿನ ಯೋಜನೆಯನ್ನು ಕಂಡಿತು. ಎರಡನೆಯದು ಅಪರಾಧಿಯನ್ನು ಹುಡುಕಿತು. ಕಲಿತವರು ಸಂತಾಮಾಯಿಯ ರೊಟ್ಟಿಯಲ್ಲಿ ದೈನ್ಯ ಕಂಡು ಮರುಗಿದರೆ, ಕೇರಿಯ ಕಿವಿ ಪಾಟೀಲನನ್ನು ಕಟಕಟೆಗೆ ಕರೆಯಿತು. 1996ರಲ್ಲಿ ಲಿಂಬಾಳೆ ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರದ ಬಗ್ಗೆ ಬರೆದಾಗ, ಆನಂದವನ್ನು ಗುರಿಯಾಗಿಟ್ಟುಕೊಂಡ ಕಾವ್ಯಮೀಮಾಂಸೆ ದಲಿತ ಬರಹಕ್ಕೆ ಒಗ್ಗದು ಎಂದು ವಾದಿಸಿದರು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ದುಃಖವನ್ನು ಗುರಿಯಾಗಿಟ್ಟುಕೊಂಡ ಓದೂ ಒಗ್ಗದು. ಅದು ಆನಂದದ್ದೇ ಮಗ್ಗುಲ ಮನೆ.

ಐದು

ಹಾಗೆಂದು ದಲಿತ ಓದುಗನ ಎದೆಗೆ ಏನೂ ಆಗುವುದಿಲ್ಲವೆಂದಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಕೂತು ಇಂಥ ಪುಸ್ತಕ ಓದುವ ಹುಡುಗನಿಗೆ ಆಗುವ ಪೆಟ್ಟು ಬೇರೆ. ಅವನು ಬೇರೆಯವರ ಕಥೆ ಓದುತ್ತಿಲ್ಲ. ತನ್ನ ಅವ್ವ ಯಾಕೆ ಗೌಡರ ಮನೆಯ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಳು ಎಂಬುದು ಅವನಿಗೆ ಅಲ್ಲಿ ಮೊದಲ ಸಲ ತಿಳಿಯುತ್ತದೆ. ಅಷ್ಟು ದಿನ ಮನೆಯ ನಾಚಿಕೆಯೆಂದು ಮುಚ್ಚಿಟ್ಟದ್ದು ಊರಿನ ನಾಚಿಕೆಯೆಂದು ಗೊತ್ತಾಗುವ ಗಳಿಗೆ ಅದು. ಆ ಗಳಿಗೆ ಅವನನ್ನು ಎತ್ತಿ ನಿಲ್ಲಿಸಬಹುದು, ಒಡೆದೂ ಹಾಕಬಹುದು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಬಿಟ್ಟುಹೋದ ಪತ್ರವನ್ನು ಓದಿ ದೇಶವೇ ಅತ್ತಿತು. ದಲಿತ ಹುಡುಗರು ಬದುಕಿರುವಾಗ ಬರೆದುಕೊಟ್ಟ ಅರ್ಜಿಗಳಿಗೆ ಅಷ್ಟು ಓದುಗರು ಎಂದಾದರೂ ಸಿಕ್ಕಿದ್ದಾರೆಯೇ?

ಬರೆಯುವವರಿಗೂ ಇದು ಸುಲಭದ ಕೆಲಸವಾಗಿರಲಿಲ್ಲ. ಫಲಟಣದಲ್ಲಿ ಸಣ್ಣ ಅಂಗಡಿ ನಡೆಸುತ್ತಿದ್ದ ಬೇಬಿ ಕಾಂಬಳೆ ಗಂಡನಿಗೆ ಕಾಣದಂತೆ ವರ್ಷಗಟ್ಟಲೆ ಬರೆದಿಟ್ಟರು. ಮಹಾರವಾಡೆಯ ಹೆಣ್ಣುಮಕ್ಕಳ ಮೇಲೆ ಊರು ನಡೆಸಿದ ಕ್ರೌರ್ಯದ ಜೊತೆಗೆ ಮನೆಯೊಳಗಿನ ಗಂಡಸರ ಕ್ರೌರ್ಯವನ್ನೂ ಅವರು ಬಿಡಲಿಲ್ಲ. ಮನೆಯ ಮಾತು ಬೀದಿಗೆ ತಂದರು ಎಂದು ನಮ್ಮವರೇ ಈ ಪುಸ್ತಕಗಳ ಮೇಲೆ ಸಿಟ್ಟಾದದ್ದುಂಟು. ಅವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ಮನೆಗೆ ಗೋಡೆಯನ್ನಾದರೂ ಎಲ್ಲಿ ಬಿಟ್ಟಿದ್ದರು? ಎಲ್ಲ ಮೊದಲೇ ಬೀದಿಯಲ್ಲಿತ್ತು.

ಕನ್ನಡದ ದಾರಿ ಸ್ವಲ್ಪ ಬೇರೆ. ಸಿದ್ಧಲಿಂಗಯ್ಯನವರು ‘ಊರು ಕೇರಿ’ಯಲ್ಲಿ ನಗಿಸುತ್ತಲೇ ಹೇಳಿದರು. ಆ ನಗೆಯಲ್ಲಿ ಡಿ.ಆರ್. ನಾಗರಾಜ್ ಬಡವರ ಶಕ್ತಿಯನ್ನು ಕಂಡರು. ಕೇರಿಯ ಮುದುಕಿಯ ‘ಅಳೂದೇನೈತಿ’ ಕೂಡ ಅದೇ ಶಕ್ತಿಯ ಇನ್ನೊಂದು ಮುಖ. ಆದರೆ ನಗೆ ಮೆಚ್ಚಿದ ಸವರ್ಣ ಓದುಗ ‘ನೋಡಿ, ಇವರಲ್ಲಿ ಕಹಿಯೇ ಇಲ್ಲ’ ಎಂದು ನಿರಾಳವಾಗುವ ಅಪಾಯವೂ ಇಲ್ಲಿದೆ. ಅಳುವಿನಲ್ಲಾಗಲಿ ನಗೆಯಲ್ಲಾಗಲಿ ಅವನನ್ನು ಪುಕ್ಕಟೆ ಬಿಡಬಾರದು.

ಆರು

ಹಾಗಾದರೆ ದಲಿತ ವಿಮರ್ಶೆ ಮಾಡಬೇಕಾದ ಕೆಲಸವೇನು? ಪುಸ್ತಕವನ್ನು ಅದರ ದಾಖಲೆಗಳ ಪಕ್ಕದಲ್ಲಿಟ್ಟು ಓದುವುದು. ‘ಬಲುತಂ’ ಎಂದರೆ ಮಹಾರನ ಚಾಕರಿಗೆ ಊರು ಹಾಕುತ್ತಿದ್ದ ಕಾಳಿನ ಪಾಲು. ಅದರ ಬೆನ್ನಿಗೆ ವತನದ ಹೊಲದ ಚರಿತ್ರೆಯಿದೆ. ಮುಂಬಯಿ ರಾಜ್ಯ ಕೆಳದರ್ಜೆಯ ಗ್ರಾಮ ವತನಗಳನ್ನು 1958ರ ಕಾಯ್ದೆಯಿಂದ ರದ್ದು ಮಾಡಿತು. ಅಷ್ಟರಲ್ಲಿ ನಾವು ಈ ಕಡೆ ಬಂದಿದ್ದರಿಂದ ನಮಗೆ ಅನ್ವಯಿಸಿದ್ದು 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ದಯಾ ಪವಾರರ ಪುಸ್ತಕ ಬಂದ 1978ನೆಯ ವರ್ಷವೇ, ಸರಕಾರ ಮಂಜೂರು ಮಾಡಿದ ದಲಿತರ ಭೂಮಿಯನ್ನು ಪರಭಾರೆ ಮಾಡದಂತೆ ತಡೆಯುವ ಕಾಯ್ದೆಯನ್ನು ಕರ್ನಾಟಕ ತಂದಿತು. ಇವನ್ನು ಒಟ್ಟಿಗೆ ಓದಿದರೆ ಎದೆಯ ಭಾರಕ್ಕೆ ಒಂದು ಸರ್ವೆ ನಂಬರು ಸಿಗುತ್ತದೆ. ಕೇರಿಯ ಓದಿನ ಕೊನೆಗೆ ಹುಡುಗನೊಬ್ಬ ಕೇಳಿದ್ದೂ ಅದನ್ನೇ: “ಮಾಮಾ, ನಮ್ಮ ಮುತ್ಯಾನ ವತನದ ಹೊಲ ಈಗ ಯಾರ ಹೆಸರಲೆ ಐತಿ? ಉತಾರ ತಗಸೋಣೇನು?”

ಓದುಗನನ್ನು ಕೆಡವುವ ಪುಸ್ತಕ ದೊಡ್ಡದೇ. ಆದರೆ ಕೆಡವಿದ್ದಕ್ಕಾಗಿಯೇ ಅದನ್ನು ಹೊಗಳುವ ವಿಮರ್ಶೆ, ಬಿದ್ದವನು ಎದ್ದನೋ ಇಲ್ಲವೋ ನೋಡದೆ ಮನೆಗೆ ಹೋಗುತ್ತದೆ. ಆ ವಿಮರ್ಶೆಯ ಕಾಲ ಮುಗಿಯಬೇಕು. ಈ ಪುಸ್ತಕಗಳನ್ನು ಒಬ್ಬೊಬ್ಬರೇ ಓದಿ ಅತ್ತದ್ದು ಸಾಕು, ಹತ್ತು ಮಂದಿ ಕೂತು ಗಟ್ಟಿಯಾಗಿ ಓದೋಣ. ಯಾರು ಯಾಕೆ ಅತ್ತರು, ಯಾರು ಯಾಕೆ ಅಳಲಿಲ್ಲ ಎಂದು ಕೇಳೋಣ. ಆಮೇಲೆ ಉತಾರ ತೆಗೆಸೋಣ.