ಹೂವು ವ್ಯಕ್ತಿಗೆ, ಮರ ಮನೆತನಕ್ಕೆ: ಕನ್ನಡಿಗರ ಹೆಸರುಗಳಲ್ಲಿ ಸಸ್ಯಮೂಲ

ಕನ್ನಡಿಗರ ಹೆಸರುಗಳಲ್ಲಿ ಗಿಡಮರಗಳ ಪಾಲು ದೊಡ್ಡದು. ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸದೆ ವ್ಯಕ್ತಿನಾಮ, ಅಡ್ಡಹೆಸರು, ಬೆಡಗು (ಕುಲದ ಒಳಪಂಗಡ) ಎಂದು ವಿಂಗಡಿಸಿದರೆ ಒಂದು ಕ್ರಮ ಕಾಣುತ್ತದೆ. ಹೂವಿನ ಹೆಸರು ಬಹುಮಟ್ಟಿಗೆ ವ್ಯಕ್ತಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಸಲ್ಲುತ್ತದೆ; ಮರದ ಹೆಸರು ಮನೆತನಕ್ಕೆ, ಕುಲಕ್ಕೆ ಸಲ್ಲುತ್ತದೆ. ಮರ ವ್ಯಕ್ತಿಯ ಹೆಸರಾಗುವುದು ಸಾಮಾನ್ಯವಾಗಿ ದೇವರ ಮೂಲಕ. ಈ ಕ್ರಮದ ಆಧಾರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಾಳಗುಂದದ ಸಾಕ್ಷ್ಯ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ ಕ್ರಿ.ಶ. 5ನೆಯ ಶತಮಾನದ ಸಂಸ್ಕೃತ ಶಾಸನವಿದೆ. ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಈ ಶಾಸನ ಕದಂಬ ವಂಶದ ಹೆಸರಿಗೆ ಕಾರಣ ಹೇಳುತ್ತದೆ: ಮಾನವ್ಯಗೋತ್ರದ ಆ ಮನೆಯ ಬಳಿ ಒಂದು ಕದಂಬ ವೃಕ್ಷವಿತ್ತು, ಅದನ್ನು ಆರೈಕೆ ಮಾಡುತ್ತ ಬಂದುದರಿಂದ ಅವರಿಗೂ ಅದೇ ಹೆಸರಾಯಿತು. ಇಲ್ಲಿ ಪವಾಡವಿಲ್ಲ. ಇರುವುದು ಮನೆ, ಮನೆಯ ಬಳಿಯ ಮರ, ತಲೆಮಾರುಗಳ ಆರೈಕೆ. ಶಿವನ ಬೆವರಹನಿ ಕದಂಬದ ಬುಡದಲ್ಲಿ ಬಿದ್ದು ಮುಕ್ಕಣ್ಣನಾದ ಮೂಲಪುರುಷ ಹುಟ್ಟಿದನೆಂಬ ಕಥೆ ಬರುವುದು ನಂತರದ ಕದಂಬ ಶಾಖೆಗಳ ಶಾಸನಗಳಲ್ಲಿ. ಕದಂಬ ಆ ಕುಲದ ಲಾಂಛನವೃಕ್ಷವಾಗಿದ್ದಿರಬಹುದೆಂಬ ಊಹೆಗೂ ಎಡೆಯಿದೆ. ಆದರೆ ಹೆಸರು ಹಿಡಿದದ್ದು ಒಬ್ಬ ವ್ಯಕ್ತಿಯನ್ನಲ್ಲ, ವಂಶವನ್ನು ಎಂಬುದರಲ್ಲಿ ಮೂರು ನಿರೂಪಣೆಗಳೂ ಒಂದಾಗುತ್ತವೆ.

ಅಡ್ಡಹೆಸರು ಮತ್ತು ಬೆಡಗು

ಉತ್ತರ ಕರ್ನಾಟಕದ ಬೇವಿನಗಿಡದ, ಬನ್ನಿಗಿಡದ, ಹುಣಸಿಮರದ, ಮಾವಿನಮರದ ಎಂಬ ಅಡ್ಡಹೆಸರುಗಳ ರಚನೆ ಗಮನಾರ್ಹ. ಕೊನೆಯ ‘ದ’ ಷಷ್ಠೀ ವಿಭಕ್ತಿಯದು. ‘ಬೇವಿನಗಿಡದ’ ಎಂದರೆ ಬೇವಿನಗಿಡದ ಮನೆಯವರು. ಮನೆಯ ಗುರುತು ಮನೆತನದ ಹೆಸರಾಗಿ ನಿಂತಿದೆ. ತಾಳಗುಂದದ ಶಾಸನ ಹೇಳುವ ಕ್ರಮವೇ ಇಲ್ಲಿಯೂ ಇದೆ. ಆದರೆ ಅರಳಿಕಟ್ಟಿ, ಬೇವಿನಕಟ್ಟಿ, ಹುಣಸಿಕಟ್ಟಿ ಎಂಬಂಥವು ಊರಿನ ಹೆಸರಿನಿಂದಲೂ ಬಂದಿರಬಹುದಾದ್ದರಿಂದ ಅವುಗಳನ್ನು ಪ್ರತ್ಯೇಕವಾಗಿ ನೋಡಬೇಕು. ಮೆಣಸಿನಕಾಯಿ, ತೆಂಗಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಜೋಳದ ಎಂಬವು ಬೆಳೆ ಅಥವಾ ವ್ಯಾಪಾರದತ್ತ ಬೊಟ್ಟು ಮಾಡುತ್ತವೆ.

ಬೆಡಗಿನಲ್ಲಿ ಸಸ್ಯದ ಸಂಬಂಧ ಇನ್ನೂ ಬಿಗಿಯಾದದ್ದು. ಒಂದೇ ಬೆಡಗಿನವರು ಪರಸ್ಪರ ಹೆಣ್ಣು ಕೊಟ್ಟು ತರುವುದಿಲ್ಲ. ಬೆಡಗಿನ ಗಿಡವನ್ನು ಕಡಿಯಬಾರದು, ಬಳಸಬಾರದು ಎಂಬ ಕಟ್ಟಳೆಯೂ ಹಲವೆಡೆ ಇತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಕುರಿತ ಸಂಪುಟಗಳಲ್ಲಿ ಕುರುಬರ ಅರಿಶಿನ ಬೆಡಗಿನ ವಿಷಯ ಬರುತ್ತದೆ. ಅರಿಶಿನವಿಲ್ಲದೆ ಮನೆ ನಡೆಯದು. ಹಾಗಾಗಿ ನಿಷೇಧವನ್ನು ನವಣೆಗೆ ವರ್ಗಾಯಿಸಿಕೊಂಡು, ಹೆಸರನ್ನು ಮಾತ್ರ ಅರಿಶಿನವೆಂದೇ ಉಳಿಸಿಕೊಂಡರು. ಕಟ್ಟಳೆ ಬದಲಾಗಬಹುದು, ಕುಲದ ಹೆಸರು ಬದಲಾಗಬಾರದು ಎಂಬ ನಿಲುವು ಇದರಲ್ಲಿ ಸ್ಪಷ್ಟ.

ವ್ಯಕ್ತಿನಾಮಗಳು

ವ್ಯಕ್ತಿನಾಮಗಳಲ್ಲಿ ಪದ್ಮ, ಕಮಲ, ಚಂಪಾ, ಮಲ್ಲಿಕಾ, ಪಾರಿಜಾತ ಮೊದಲಾದ ಹೂಗಳೇ ಹೆಚ್ಚು. ಗಂಡಸರಲ್ಲಿ ಹೂವು ನೇರವಾಗಿ ಬರುವುದು ಕಡಿಮೆ. ಪದ್ಮನಾಭ, ಕಮಲಾಕ್ಷ ಎಂದು ದೇವರ ವಿಶೇಷಣವಾಗಿ ಬರುತ್ತದೆ. ತುಳಸಿ ಪೂಜೆಯ ಗಿಡವಾದ್ದರಿಂದ ತುಳಸಮ್ಮ, ತುಳಸೀರಾಮ ಎಂದು ಇಬ್ಬರಿಗೂ ಒಪ್ಪಿದೆ. ಮರಗಳಲ್ಲಿ ವ್ಯಕ್ತಿನಾಮವಾಗುವ ಭಾಗ್ಯ ಹೆಚ್ಚಾಗಿ ದೊರೆತದ್ದು ಅಶ್ವತ್ಥಕ್ಕೆ. ಮಕ್ಕಳಿಲ್ಲದವರು ಅರಳಿಕಟ್ಟೆ ಸುತ್ತುವುದು, ಅದರ ಬುಡದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವುದು ನಮ್ಮಲ್ಲಿ ರೂಢಿ. ಅಶ್ವತ್ಥಪ್ಪ, ಅಶ್ವತ್ಥಮ್ಮ, ಅಶ್ವತ್ಥನಾರಾಯಣ ಎಂಬ ಹೆಸರುಗಳ ಹಿಂದೆ ಈ ಹರಕೆಯ ನಂಬಿಕೆಯಿದೆ.

ಮಲ್ಲಿಕಾರ್ಜುನ ಎಂಬ ಹೆಸರು ಇನ್ನೂ ಕುತೂಹಲಕರ. ಮಲ್ಲಿಗೆಯಿಂದ ಶಿವನನ್ನು ಪೂಜಿಸಿದ ಕಥೆ ಜನಪ್ರಿಯ. ಆದರೆ ಅರ್ಜುನವೂ ಮರವೇ, ಕನ್ನಡದಲ್ಲಿ ಹೊಳೆಮತ್ತಿ. ಶೈವ ಸಂಪ್ರದಾಯ ಮಲ್ಲಿಕಾರ್ಜುನನ ನೆಲೆಯಾದ ಶ್ರೀಶೈಲವನ್ನು ತಮಿಳುನಾಡಿನ ತಿರುವಿಡೈಮರುದೂರು, ತಿರುಪ್ಪುಡೈಮರುದೂರುಗಳೊಡನೆ ಅರ್ಜುನ ಕ್ಷೇತ್ರಗಳೆಂದು ಎಣಿಸುತ್ತದೆ. ಆ ಎರಡು ಊರುಗಳ ಹೆಸರಿನಲ್ಲಿರುವ ‘ಮರುದು’ ಅದೇ ಹೊಳೆಮತ್ತಿ ಮರ. ಹೀಗೆ ನೋಡಿದರೆ ಈ ಹೆಸರಿನಲ್ಲಿ ಬಳ್ಳಿಯೂ ಮರವೂ ಒಟ್ಟಿಗಿವೆ. ಮಲ್ಲಪ್ಪ, ಮಲ್ಲವ್ವ ಮುಂತಾದವು ಎಲ್ಲೆಡೆ ಇದರ ಹ್ರಸ್ವರೂಪಗಳೇ ಎನ್ನುವಂತಿಲ್ಲ. ಜಟ್ಟಿ ಎಂಬರ್ಥದ ‘ಮಲ್ಲ’, ಮೈಲಾರ ಮಲ್ಲಣ್ಣನ ಆರಾಧನೆಗಳೂ ಇವಕ್ಕೆ ಮೂಲವಾಗಿರಬಹುದು.

ಉಪಸಂಹಾರ

ಮೇಲಿನ ಆಧಾರಗಳಿಂದ, ಸಸ್ಯಮೂಲದ ಹೆಸರು ಬರಿಯ ಸೌಂದರ್ಯಪ್ರೀತಿಯ ಫಲವಲ್ಲವೆಂದು ಹೇಳಬಹುದು. ವಾಸದ ನೆಲೆ, ವಿವಾಹ ನಿಯಮ, ಹರಕೆ ಇವು ಅದನ್ನು ರೂಪಿಸಿವೆ. ದಾಖಲೆಗಳಲ್ಲಿ ಅಡ್ಡಹೆಸರು ಒಂದೇ ಅಕ್ಷರಕ್ಕೆ ಇಳಿದಾಗ ಈ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಹೆಸರನ್ನಷ್ಟೇ ಬರೆದುಕೊಂಡರೆ ಸಾಲದು. ಅದು ಮನೆಯ ಮುಂದಿನ ಮರದ್ದೋ, ಊರಿನದೋ, ಬೆಳೆಯದೋ, ಬೆಡಗಿನದೋ ಎಂದು ಮನೆಯ ಹಿರಿಯರನ್ನೇ ಕೇಳಿ ದಾಖಲಿಸಬೇಕು. ಜಿಲ್ಲಾವಾರು ಇಂಥ ಸಂಗ್ರಹ ನಡೆದರೆ ನಮ್ಮ ನಾಮವಿಜ್ಞಾನಕ್ಕೂ ಸ್ಥಳೀಯ ಚರಿತ್ರೆಗೂ ಗಟ್ಟಿಯಾದ ಆಧಾರ ದೊರೆಯುತ್ತದೆ.